ಉಮಿಯ ಬೂದಿಯಿಂದ ಔಷಧವಾಹಕದವರೆಗೆ: ಸಿಲಿಕಾ ನ್ಯಾನೋಕಣಗಳ ಸುರಕ್ಷತೆಯ ಪ್ರಶ್ನೆ

ಉತ್ತರ ಕನ್ನಡ ಜಿಲ್ಲೆಯ ಕುಮಟಾ, ಹೊನ್ನಾವರ ಮತ್ತು ಭಟ್ಕಳ ತಾಲೂಕುಗಳಲ್ಲಿ ಅಘನಾಶಿನಿ, ಶರಾವತಿ ಹಾಗೂ ವೆಂಕಟಾಪುರ ಹೊಳೆಗಳು ಸಮುದ್ರವನ್ನು ಸೇರುತ್ತವೆ. ಅಘನಾಶಿನಿ ಅಳಿವೆಯ ಅಂಚಿನ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತದ ಬೇಸಾಯ ಮಾಣಿಕಟ್ಟಾ ಮೊದಲಾದ ಊರುಗಳಲ್ಲಿ ಉಳಿದುಬಂದಿದೆ. ಆ ಭತ್ತದ ಉಮಿಗೆ ಗಡಸುತನ ನೀಡುವುದು ಸಿಲಿಕಾ. ಅಳಿವೆಯ ಕೆಸರಿನಲ್ಲಿ ಬದುಕುವ ಡಯಾಟಮ್ ಎಂಬ ಏಕಕೋಶ ಪಾಚಿಗಳ ಚಿಪ್ಪೂ ಸಿಲಿಕಾದ್ದೇ. ಕಡಲತೀರದ ಮರಳಿನ ಬಹುಭಾಗವೂ ಅದೇ. (ಅಘನಾಶಿನಿಯಲ್ಲಿ ಹೆಕ್ಕುವ ಬಳಚಿನ ಚಿಪ್ಪನ್ನು ಈ ಸಾಲಿಗೆ ಸೇರಿಸುವಂತಿಲ್ಲ, ಅದು ಸುಣ್ಣದ ಕಾರ್ಬೊನೇಟು.) ಇದೇ ಸಿಲಿಕಾವನ್ನು ನ್ಯಾನೋ ಗಾತ್ರಕ್ಕಿಳಿಸಿ ಔಷಧವನ್ನು ಹೊತ್ತೊಯ್ಯುವ ವಾಹಕವಾಗಿ ಬಳಸಲು ಕಳೆದ ಎರಡು ದಶಕಗಳಿಂದ ಪ್ರಯತ್ನಗಳು ನಡೆದಿವೆ. ದೇಹದೊಳಗೆ ಅದು ನಿರುಪದ್ರವಿಯೇ ಎಂಬುದು ಇಲ್ಲಿ ಪರಿಶೀಲಿಸಬೇಕಾದ ಪ್ರಶ್ನೆ.

ಕರ್ನಾಟಕದ ಮಟ್ಟಿಗೆ ಸಿಲಿಕಾ ಎಂಬ ಹೆಸರಿಗೆ ಕರಾಳವಾದ ನೆನಪೊಂದು ಅಂಟಿಕೊಂಡಿದೆ. ಕೋಲಾರದ ಚಿನ್ನದ ಗಣಿಗಳಲ್ಲಿ 1940ರಿಂದ 1946ರವರೆಗೆ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ, ಶೇಕಡಾ 44ರಷ್ಟು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತು. ಬೆಣಚುಕಲ್ಲನ್ನು ಕೊರೆಯುವಾಗ ಏಳುವ ಸೂಕ್ಷ್ಮ ಧೂಳು ಶ್ವಾಸಕೋಶದಲ್ಲಿ ನೆಲೆನಿಂತು, ಅಲ್ಲಿಯ ಮೃದು ಅಂಗಾಂಶವನ್ನು ಗಡಸು ನಾರಾಗಿ ಮಾರ್ಪಡಿಸುವ ಈ ರೋಗಕ್ಕೆ ಇಂದಿಗೂ ಪರಿಹಾರವಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಕಾರ್ಮಿಕರು ಉಸಿರಾಡುವ ಸ್ಫಟಿಕ ಸಿಲಿಕಾವನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲನೆಯ ಗುಂಪಿಗೆ ಸೇರಿಸಿತು. ಅಸ್ಫಟಿಕ ಸಿಲಿಕಾ ಮಾತ್ರ ವರ್ಗೀಕರಣಕ್ಕೆ ಸಾಕಷ್ಟು ಆಧಾರವಿಲ್ಲದ ಮೂರನೆಯ ಗುಂಪಿನಲ್ಲಿ ಉಳಿಯಿತು.

ಎರಡರ ರಾಸಾಯನಿಕ ಸೂತ್ರ ಒಂದೇ. ಸ್ಫಟಿಕದಲ್ಲಿ ಪರಮಾಣುಗಳು ಕ್ರಮಬದ್ಧವಾಗಿ ಜೋಡಣೆಗೊಂಡಿರುತ್ತವೆ, ಅಸ್ಫಟಿಕದಲ್ಲಿ ಅಂತಹ ಕ್ರಮವಿಲ್ಲ. ಇದರ ಪರಿಣಾಮವಾಗಿ ಅಸ್ಫಟಿಕ ಸಿಲಿಕಾ ನೀರಿನಲ್ಲಿ ಬೆಣಚುಕಲ್ಲಿಗಿಂತ ಹತ್ತಾರು ಪಟ್ಟು ಹೆಚ್ಚು ಕರಗುತ್ತದೆ. ದೇಹದಲ್ಲಿ ಅದು ಕ್ರಮೇಣ ಸಿಲಿಸಿಕ್ ಆಮ್ಲವಾಗಿ ಮೂತ್ರದ ಮೂಲಕ ಹೊರಹೋಗಬಲ್ಲದು. ಗುಳಿಗೆಯ ಪುಡಿ ಸರಾಗವಾಗಿ ಜಾರಲೆಂದು ಔಷಧ ಕಾರ್ಖಾನೆಗಳು ದಶಕಗಳಿಂದ ಬೆರೆಸುತ್ತ ಬಂದಿರುವುದು ಈ ಬಗೆಯನ್ನೇ. ಆಹಾರದಲ್ಲಿ 551 ಎಂಬ ಸಂಖ್ಯೆಯಿಂದ ಗುರುತಿಸುವ ಇದೇ ವಸ್ತುವನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ಪರಿಶೀಲಿಸಿದಾಗ ಮಾಹಿತಿ ಸಾಲದೆಂದು ಹೇಳಿತ್ತು. 2024ರ ಮರುಪರಿಶೀಲನೆಯಲ್ಲಿ, ಬಳಕೆಯಲ್ಲಿರುವ ಪ್ರಮಾಣದಲ್ಲಿ ಆತಂಕಕ್ಕೆ ಕಾರಣವಿಲ್ಲವೆಂದು ತೀರ್ಮಾನಿಸಿತು. ಆದರೆ ಬಾಯಿಯ ಮೂಲಕ ಸೇವಿಸಿದ ಸಿಲಿಕಾದಲ್ಲಿ ರಕ್ತವನ್ನು ಸೇರುವ ಅಂಶ ಅತ್ಯಲ್ಪ. ಆದ್ದರಿಂದ ಗುಳಿಗೆಯ ಅನುಭವವನ್ನು ಚುಚ್ಚುಮದ್ದಿಗೆ ನೇರವಾಗಿ ಅನ್ವಯಿಸುವುದು ತಪ್ಪಾಗುತ್ತದೆ.

ಉಮಿಯ ಉದಾಹರಣೆ ಈ ಭೇದವನ್ನು ಚೆನ್ನಾಗಿ ತೋರಿಸುತ್ತದೆ. ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಉಮಿ; ಅದನ್ನು ಸುಟ್ಟಾಗ ಉಳಿಯುವ ಬೂದಿ ಉಮಿಯ ತೂಕದ ಐದನೆಯ ಒಂದು ಭಾಗ; ಆ ಬೂದಿಯಲ್ಲಿ ಸಾಮಾನ್ಯವಾಗಿ ಶೇಕಡಾ 85ರಿಂದ 95ರಷ್ಟು ಸಿಲಿಕಾ. ಗಿಡ ಮಣ್ಣಿನಿಂದ ಹೀರಿಕೊಂಡು ಉಮಿಯಲ್ಲಿ ಸಂಚಯಿಸಿದ ಸಿಲಿಕಾ ಅಸ್ಫಟಿಕವಾದುದು. ಉಮಿಯನ್ನು ಆಮ್ಲದಲ್ಲಿ ತೊಳೆದು ಪೊಟ್ಯಾಸಿಯಂ ಮೊದಲಾದ ಲೋಹಾಂಶಗಳನ್ನು ತೆಗೆದು, 500ರಿಂದ 700 ಡಿಗ್ರಿ ಸೆಲ್ಸಿಯಸ್ ಒಳಗೆ ಹದವಾಗಿ ಸುಟ್ಟರೆ ಅದು ಹಾಗೆಯೇ ಉಳಿಯುತ್ತದೆ. ಉಷ್ಣತೆ ಅದನ್ನು ಮೀರಿ ಏರುತ್ತ ಹೋದಂತೆ ಕ್ರಿಸ್ಟೊಬಲೈಟ್ ಎಂಬ ಸ್ಫಟಿಕ ರೂಪುಗೊಳ್ಳತೊಡಗುತ್ತದೆ. ಕುಚ್ಚಲಕ್ಕಿ ಗಿರಣಿಗಳ ಬಾಯ್ಲರುಗಳಲ್ಲಿ ಉಮಿಯೇ ಉರುವಲು, ಅಲ್ಲಿಯ ಉಷ್ಣತೆ ಯಾರ ಹಿಡಿತದಲ್ಲೂ ಇರುವುದಿಲ್ಲ. ಸುಟ್ಟ ಉಮಿಯ ಕರಿಯಿಂದ ಹಲ್ಲುಜ್ಜುವುದು ಕರಾವಳಿಯ ಹಳೆಯ ರೂಢಿ. ಅದರಿಂದ ಹಲ್ಲು ಸವೆದೀತೇ ಹೊರತು ಒದ್ದೆಯಾದ ಕರಿ ಶ್ವಾಸಕೋಶವನ್ನು ಸೇರದು. ಬಾಯ್ಲರಿನ ಒಣಬೂದಿಯನ್ನು ಬಾಚುವ ಕಾರ್ಮಿಕನ ಸ್ಥಿತಿ ಬೇರೆ. ಹೀಗೆ ಒಂದೇ ಗದ್ದೆಯ ಉಮಿಯಿಂದ ಔಷಧಯೋಗ್ಯ ಸಿಲಿಕಾವೂ ಬರಬಹುದು, ರೋಗಕಾರಕ ಧೂಳೂ ಬರಬಹುದು.

ಡಯಾಟಮ್‌ಗಳಿಗೂ ಇದೇ ನಿಯಮ. ಅವುಗಳ ಚಿಪ್ಪಿನಲ್ಲಿ ನ್ಯಾನೋ ಅಳತೆಯ ರಂಧ್ರಗಳು ಸಾಲುಸಾಲಾಗಿ ಸಹಜವಾಗಿಯೇ ಇರುತ್ತವೆ. 2015ರಲ್ಲಿ ಕುಲಾಂತರಿಸಿದ ಡಯಾಟಮ್ ಚಿಪ್ಪುಗಳ ಮೂಲಕ ಇಲಿಗಳ ಗೆಡ್ಡೆಗೆ ಕ್ಯಾನ್ಸರ್ ಔಷಧವನ್ನು ತಲುಪಿಸಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಘನಾಶಿನಿ ಅಳಿವೆಯ ಡಯಾಟಮ್‌ಗಳನ್ನು ಅಧ್ಯಯನ ಮಾಡಿರುವುದು ಜೈವಿಕ ಇಂಧನದ ದೃಷ್ಟಿಯಿಂದ. ಅಳಿವೆಯಿಂದ ಪಡೆದ ಯಾವುದೇ ಚಿಪ್ಪಿಗೆ ಬ್ಯಾಕ್ಟೀರಿಯಾಗಳ ವಿಷಾಂಶ ಮತ್ತು ಭಾರಲೋಹಗಳು ಅಂಟಿರುವ ಸಂಭವವಿರುವುದರಿಂದ, ಸಿಲಿಕಾದ ಗುಣಕ್ಕಿಂತ ಮೊದಲು ಅದರ ಶುದ್ಧಿಯನ್ನೇ ಸಾಬೀತುಪಡಿಸಬೇಕಾಗುತ್ತದೆ.

ಪ್ರಯೋಗಾಲಯದ ಸಿಲಿಕಾ ನ್ಯಾನೋಕಣಗಳ ತಯಾರಿಕೆಗೆ 1968ರಲ್ಲಿ ಸ್ಟೋಬರ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನವೇ ತಳಹದಿ. 1992ರಲ್ಲಿ ಕ್ರಮಬದ್ಧ ರಂಧ್ರಗಳುಳ್ಳ ಸಿಲಿಕಾ ಸಿದ್ಧವಾಯಿತು. 2001ರಲ್ಲಿ ಸ್ಪೇನಿನ ಸಂಶೋಧಕರು ಅದರ ರಂಧ್ರಗಳಲ್ಲಿ ಐಬುಪ್ರೊಫೆನ್ ತುಂಬಿ, ನಿಧಾನವಾಗಿ ಬಿಡುಗಡೆಯಾಗುವುದನ್ನು ತೋರಿಸಿದರು. ಅಪಾಯವಿರುವುದು ಈ ಕಣಗಳ ಮೇಲ್ಮೈಯಲ್ಲಿ. ಅಲ್ಲಿರುವ ಸಿಲನಾಲ್ ಎಂಬ ಗುಂಪುಗಳು ಕೆಂಪು ರಕ್ತಕಣದ ಪೊರೆಯನ್ನು ಹಿಡಿದು ಒಡೆಯಬಲ್ಲವು. ಭಕ್ಷಕ ಕೋಶವು ನುಂಗಿದ ಕಣ ಅದರೊಳಗಿನ ಜೀರ್ಣಕೋಶಿಕೆಯನ್ನು ಹರಿದರೆ ಉರಿಯೂತದ ಸರಣಿ ಆರಂಭವಾಗುತ್ತದೆ. ಸಿಲಿಕೋಸಿಸ್‌ನ ಮೂಲವೂ ಇದೇ ಕ್ರಿಯೆ. ಎಲ್ಲ ಸಿಲನಾಲ್‌ಗಳೂ ಸಮಾನವಾಗಿ ದೋಷಿಗಳಲ್ಲ, ಪರಸ್ಪರ ನಿರ್ದಿಷ್ಟ ಅಂತರದಲ್ಲಿ ಬಹುಮಟ್ಟಿಗೆ ಬಿಡಿಯಾಗಿ ನಿಂತವುಗಳೇ ಹಾನಿಗೆ ಮೂಲವೆಂದು 2020ರ ಅಧ್ಯಯನವೊಂದು ತೋರಿಸಿತು. ಸ್ಫಟಿಕವಲ್ಲ ಎಂಬ ಕಾರಣದಿಂದಲೇ ಅಸ್ಫಟಿಕ ಸಿಲಿಕಾವನ್ನು ನಿರಾಳವಾಗಿ ಒಪ್ಪಿಕೊಳ್ಳುವ ವಾದ ಇದರಿಂದ ಸಡಿಲವಾಯಿತು.

ಗಾತ್ರವೂ ನಿರ್ಣಾಯಕ. ಸುಮಾರು 6 ನ್ಯಾನೋಮೀಟರಿನ ಆಸುಪಾಸಿನ ಕಣಗಳು ಮೂತ್ರಪಿಂಡದ ಮೂಲಕ ಸೋಸಿಹೋಗುತ್ತವೆ. ದೊಡ್ಡವು ಯಕೃತ್ತು ಮತ್ತು ಗುಲ್ಮದಲ್ಲಿ ಸಂಗ್ರಹಗೊಂಡು ಕರಗಲು ದಿನಗಳನ್ನೋ ವಾರಗಳನ್ನೋ ತೆಗೆದುಕೊಳ್ಳುತ್ತವೆ. 2011ರಲ್ಲಿ ಜಪಾನಿನ ಸಂಶೋಧಕರು ಗರ್ಭಿಣಿ ಇಲಿಗಳ ರಕ್ತಕ್ಕೆ 70 ನ್ಯಾನೋಮೀಟರ್ ಕಣಗಳನ್ನು ಸೇರಿಸಿದಾಗ ಅವು ಮಾಸನ್ನು ದಾಟಿ ಭ್ರೂಣದ ಯಕೃತ್ತು ಹಾಗೂ ಮೆದುಳಿನಲ್ಲಿ ಕಾಣಿಸಿಕೊಂಡವು, ಭ್ರೂಣದ ಬೆಳವಣಿಗೆ ಕುಂಠಿತವಾಯಿತು. 300 ನ್ಯಾನೋಮೀಟರಿನ ಕಣಗಳಿಂದ ಹಾಗಾಗಲಿಲ್ಲ. ಅದಕ್ಕಿಂತ ಗಮನಾರ್ಹವಾದುದು, 70 ನ್ಯಾನೋಮೀಟರಿನವುಗಳ ಮೇಲ್ಮೈಯನ್ನೇ ಬದಲಿಸಿದಾಗ ಆ ತೊಡಕು ಇಲ್ಲವಾಯಿತು ಎಂಬುದು.

ಮಾನವರಲ್ಲಿ ನಡೆದ ಪ್ರಯೋಗಗಳು ಇನ್ನೂ ಬೆರಳೆಣಿಕೆಯಷ್ಟೇ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಅತಿಸೂಕ್ಷ್ಮ ಸಿಲಿಕಾ ಬಿಂದುಗಳನ್ನು ಮೆಲನೋಮಾ ಹರಡಿದ್ದ ಐವರು ರೋಗಿಗಳಿಗೆ ನೀಡಿದ ವರದಿ 2014ರಲ್ಲಿ ಪ್ರಕಟವಾಯಿತು. ಕಣಗಳು ಮುಖ್ಯವಾಗಿ ಮೂತ್ರದಲ್ಲಿ ಹೊರಬಂದವು, ವಿಷಪರಿಣಾಮ ಕಾಣಲಿಲ್ಲ. ಚಿನ್ನದ ಲೇಪವಿರುವ ಸಿಲಿಕಾ ಕಣಗಳನ್ನು ಪ್ರಾಸ್ಟೇಟ್ ಕ್ಯಾನ್ಸರಿನ 16 ರೋಗಿಗಳಲ್ಲಿ ಬಳಸಿದ ವರದಿ 2019ರದು. ಈ ಸಂಖ್ಯೆಗಳು ಸಣ್ಣವು. ಒಂದು ಬಾರಿಯ ಚುಚ್ಚುಮದ್ದಿನಿಂದ ದೊರೆತ ಭರವಸೆಯನ್ನು ವರ್ಷಗಟ್ಟಲೆ ಪುನರಾವರ್ತಿಸಬೇಕಾದ ಚಿಕಿತ್ಸೆಗೆ ವಿಸ್ತರಿಸುವಂತಿಲ್ಲ. ಗರ್ಭಿಣಿಯರು ಮತ್ತು ಮೂತ್ರಪಿಂಡ ದುರ್ಬಲವಾದವರ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಅಗತ್ಯ.

ಭಾರತದಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆಯು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಹಾಗೂ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಗಳೊಡನೆ ಸೇರಿ 2019ರಲ್ಲಿ ನ್ಯಾನೋ ಔಷಧಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಹೊರಡಿಸಿತು. ಪ್ರತಿಯೊಂದು ಉತ್ಪನ್ನವನ್ನೂ ಪ್ರತ್ಯೇಕವಾಗಿ ಪರಿಶೀಲಿಸಬೇಕೆಂಬುದು ಅದರ ನಿಲುವು. ಉಮಿಯಿಂದ ತೆಗೆದ ಸಿಲಿಕಾಕ್ಕೆ ಇದನ್ನು ಅನ್ವಯಿಸಿದರೆ, ಗಜನಿಯ ಕಗ್ಗಕ್ಕೂ ಘಟ್ಟದ ಮೇಲಿನ ಭತ್ತಕ್ಕೂ ಪ್ರಮಾಣಪತ್ರ ಒಂದೇ ಆಗಲಾರದು. ಮಣ್ಣು, ನೀರು, ಸುಟ್ಟ ಉಷ್ಣತೆ, ಉಳಿದ ಲೋಹಾಂಶ, ಕಣದ ಗಾತ್ರ, ಮೇಲ್ಮೈಯ ಲೇಪ ಇವೆಲ್ಲವನ್ನೂ ತಯಾರಿಕೆಯ ಪ್ರತಿ ಕಂತಿಗೂ ಅಳೆದು ದಾಖಲಿಸಬೇಕಾಗುತ್ತದೆ.