ಆದಿತಾಳದಲ್ಲಿ ಬ್ಲೂಸ್

ಗಿಟಾರ್ ಎಂದೊಡನೆ ನಮ್ಮ ವಯಸ್ಸಿನವರಿಗೆ ನೆನಪಾಗುವುದು ಸಿನಿಮಾ ನಾಯಕ. ಆದರೆ ಅಹಮದಾಬಾದಿನಲ್ಲಿರುವ ನಮಗೆ ಇನ್ನೊಂದು ಹೆಸರೂ ನೆನಪಾಗಬೇಕು: ಪಂಡಿತ್ ಬ್ರಿಜ್ ಭೂಷಣ್ ಕಾಬ್ರಾ. ಜೋಧಪುರದಲ್ಲಿ 1937ರಲ್ಲಿ ಹುಟ್ಟಿದ ಇವರು ಉಸ್ತಾದ್ ಅಲಿ ಅಕ್ಬರ್ ಖಾನರ ಶಿಷ್ಯರು. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಲೋಹದ ತುಂಡನ್ನು ಜಾರಿಸುತ್ತ ರಾಗ ನುಡಿಸಿದರು. 1967ರ 'ಕಾಲ್ ಆಫ್ ದಿ ವ್ಯಾಲಿ' ಧ್ವನಿಮುದ್ರಿಕೆಯಲ್ಲಿ ಸಂತೂರ್, ಕೊಳಲುಗಳ ಜೊತೆ ಕೇಳುವ ಗಿಟಾರ್ ಅವರದೇ. ಈ ಊರಿನಲ್ಲೇ ನೆಲೆಸಿದ್ದ ಅವರು 2018ರಲ್ಲಿ ತೀರಿಕೊಂಡರು.

ಅಮೆರಿಕದ ಕರಿಯ ಜನರ ಬ್ಲೂಸ್ ಸಂಗೀತದಲ್ಲೂ ಹೀಗೆ ತಂತಿಯ ಮೇಲೆ ಜಾರಿಸುವ ಪದ್ಧತಿ ಇದೆ. ಮಿಸ್ಸಿಸ್ಸಿಪ್ಪಿಯ ಒಂದು ರೈಲು ನಿಲ್ದಾಣದಲ್ಲಿ ಒಬ್ಬ ಬಡವ ಗಿಟಾರಿನ ತಂತಿಗೆ ಚಾಕು ಒತ್ತಿ ನುಡಿಸುತ್ತಿದ್ದನ್ನು ಕೇಳಿ ಬೆರಗಾದೆನೆಂದು ಡಬ್ಲ್ಯು. ಸಿ. ಹ್ಯಾಂಡಿ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಇದೆಲ್ಲ ಈಗೇಕೆ ಎಂದರೆ, ಸೂರತ್ತಿನಲ್ಲಿ ಕೆಲಸದಲ್ಲಿರುವ ನಮ್ಮ ಮಗಳು ಬರುವ ಶನಿವಾರ ವಡೋದರಾದ ಸ್ನೇಹಿತೆಯ ಮನೆಯಲ್ಲಿ ಮೊದಲ ಸಲ ಬ್ಲೂಸ್ ಜ್ಯಾಮಿಗೆ ಕೂರುತ್ತಾಳೆ. ಜ್ಯಾಮ್ ಎಂದರೆ ಬ್ರೆಡ್ಡಿಗೆ ಹಚ್ಚುವುದಲ್ಲ. ಒಟ್ಟಿಗೆ ಅಭ್ಯಾಸ ಮಾಡದ ನಾಲ್ಕಾರು ಜನ ಒಂದೇ ಚೌಕಟ್ಟು ಹಿಡಿದು ಕೂಡಿ ನುಡಿಸುವುದು. ಮೂರು ವರ್ಷದಿಂದ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕಲಿತವಳು. ಕಳೆದ ಭಾನುವಾರ ಮನೆಗೆ ಬಂದಾಗ, "ಅಮ್ಮಾ, ನಾನು ಹೋಗಲ್ಲ. ಎಲ್ಲರೆದುರು ಲೆಕ್ಕ ತಪ್ಪಿದರೆ ಇನ್ನು ಗಿಟಾರ್ ಮುಟ್ಟೋಕೇ ಮನಸ್ಸು ಬರಲ್ಲ" ಎಂದಳು.

"ನಿನ್ನ ಲೆಕ್ಕ ಏನು, ಹೇಳು ನೋಡೋಣ" ಎಂದೆ. ಹನ್ನೆರಡು ಬಾರ್, ಒಂದೊಂದಕ್ಕೆ ನಾಲ್ಕು ಎಣಿಕೆ. ಒಟ್ಟು 48. ಹಾಗಾದರೆ ಆದಿತಾಳದ ಆರು ಆವರ್ತ! ಅವಳ ಎ, ಡಿ, ಇ ಕಾರ್ಡುಗಳು ನಮ್ಮ ಷಡ್ಜ, ಮಧ್ಯಮ, ಪಂಚಮಗಳ ಸ್ಥಾನದವು. ಮೊದಲ ಎರಡು ಆವರ್ತ ಷಡ್ಜ, ಮೂರನೆಯದು ಮಧ್ಯಮ, ನಾಲ್ಕನೆಯದು ಮತ್ತೆ ಷಡ್ಜ. ಐದನೆಯದರಲ್ಲಿ ಅರ್ಧ ಪಂಚಮ, ಅರ್ಧ ಮಧ್ಯಮ. ಆರನೆಯದಕ್ಕೆ ಷಡ್ಜಕ್ಕೆ ಬಂದು, ಕೊನೆಯ ನಾಲ್ಕೆಣಿಕೆ ಪಂಚಮ ಮುಟ್ಟಿದರೆ ಮುಂದಿನ ಸುತ್ತಿಗೆ ಬಾಗಿಲು ತೆರೆದಂತೆ. ನಡಿಗೆ ಮಾತ್ರ ಹೆಚ್ಚಾಗಿ ತಿಶ್ರದ್ದು. ಹುಡುಗಿಯಾಗಿದ್ದಾಗ ಕಲಿತ ವೀಣೆ ಮರೆತಿದ್ದರೂ ತಾಳ ಮರೆತಿರಲಿಲ್ಲ. ನಾನು ತಾಳ ಹಾಕಿದೆ, ಅವಳು ನುಡಿಸಿದಳು. ಕುಕ್ಕರ್ ಕೂಗಿದರೂ ಎದ್ದು ಹೋಗಲಿಲ್ಲ. ಯಜಮಾನರೇ ಹೋಗಿ ಒಲೆ ಆರಿಸಿದರು.

ಅವಳು ಬಿಡಿಸಿ ನುಡಿಸುವ ಐದು ಸ್ವರಗಳೂ ಅಪರಿಚಿತವಲ್ಲ. ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪ, ಕೈಶಿಕಿ ನಿಷಾದ: ನಮ್ಮ ಶುದ್ಧ ಧನ್ಯಾಸಿಯ ಸ್ವರಗಳೇ, ಉತ್ತರಾದಿಯವರ ಧಾನಿಯ ಸ್ವರಗಳೂ ಅವೇ. ಹಾಗೆಂದು ಬ್ಲೂಸನ್ನು ಶುದ್ಧ ಧನ್ಯಾಸಿ ಎನ್ನಲಾಗದು. ಅಲ್ಲಿ ಗಾಂಧಾರದ ತಂತಿಯನ್ನು ಎಳೆದು, ಎರಡು ಗಾಂಧಾರಗಳ ನಡುವೆ ಎಲ್ಲೋ ನಿಲ್ಲಿಸುತ್ತಾರೆ. ಆ ಸಂಗೀತದ ಅಳಲೆಲ್ಲ ಆ ಎಳೆತದಲ್ಲೇ ಇದೆ ಎಂದು ನನ್ನ ಕಿವಿಗೆ ಅನ್ನಿಸಿತು.

ಅವಳಿಗೆ ಹೆಚ್ಚು ಕಷ್ಟವಾದದ್ದು ಸುಮ್ಮನಿರುವುದು. ಒಬ್ಬಳೇ ನುಡಿಸಿ ಅಭ್ಯಾಸವಾದವಳಿಗೆ ಖಾಲಿ ಜಾಗ ಕಂಡರೆ ತುಂಬುವ ಆತುರ. ಕಚೇರಿಯಲ್ಲಿ ಹಾಡುಗಾರರು ಆಲಾಪನೆಯಲ್ಲಿದ್ದಾಗ ಪಿಟೀಲಿನವರು ಹೇಗೆ ಮೆಲ್ಲಗೆ ಹಿಂಬಾಲಿಸುತ್ತಾರೋ ಹಾಗಿರಬೇಕು ಎಂದೆ. ಹಾಡು ನಡೆಯುವಾಗ ಸಣ್ಣ ದನಿಯ ಕಾರ್ಡ್ ಸಾಕು. ಮುಂದಾಳು ಕಣ್ಣಿನಲ್ಲಿ ಸನ್ನೆ ಮಾಡಿದರೆ ಒಂದೇ ಸುತ್ತು ನುಡಿಸಿ ಪಕ್ಕದವರಿಗೆ ಬಿಟ್ಟುಕೊಡುವುದು. ದಾರಿ ತಪ್ಪಿದರೆ ಕೈ ನಿಲ್ಲಿಸಿ, ತಲೆ ಎತ್ತಿ, ಬಾಸ್ ಗಿಟಾರಿನವರನ್ನು ಗಮನಿಸಿ ಮುಂದಿನ ಸುತ್ತಿನ ಷಡ್ಜಕ್ಕೆ ಸೇರಿಕೊಳ್ಳುವುದು. ಇದಕ್ಕಾಗಿಯೇ ನಡುವೆ ಬೇಕೆಂದೇ ನಿಲ್ಲಿಸಿ, ನನ್ನ ತಾಳ ಕೇಳುತ್ತ ಮತ್ತೆ ಸೇರುವುದನ್ನು ಹತ್ತು ಸಲವಾದರೂ ಮಾಡಿದಳು. ಏಳನೆಯ ಸಲದಿಂದ ಮುಖದ ಬಿಗುವು ಸಡಿಲಾಯಿತು.

ಮೊನ್ನೆ ರಾತ್ರಿ ಫೋನಿನಲ್ಲಿ, ಹೊಸ ತಂತಿ ಎರಡು ದಿನ ಮೊದಲೇ ಹಾಕಿ ಎಳೆದು ಕೂರಿಸಬೇಕು, ಇಲ್ಲವಾದರೆ ಶ್ರುತಿ ಇಳಿಯುತ್ತದೆ ಎಂದು ನನಗೇ ಪಾಠ ಹೇಳಿದಳು. ಶನಿವಾರದ ರೈಲಿಗೆ ಟಿಕೆಟ್ ತೆಗೆಸಿದ್ದಾಳಂತೆ. ನಾನು ಚಕ್ಕುಲಿ ಹಿಟ್ಟು ಕಲಸಿದ್ದೇನೆ. ವಡೋದರಾಕ್ಕೆ ಒಂದು ಡಬ್ಬಿ ಇಲ್ಲಿಂದಲೇ ಕಳುಹಿಸಬೇಕು.