ನಾನೂರು ರೂಪಾಯಿಯ ಒಂದು ವಾರ

ಹಿಂದೆ ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ದುಡಿದವರೊಬ್ಬರ ಮಗನು ಕಳೆದ ತಿಂಗಳು ನಮ್ಮ ಕಾರ್ಯಾಲಯಕ್ಕೆ ಬಂದಿದ್ದನು. ಮುಂಬಯಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ತರುಣ. ಊರಿಗೆ ಹಣ ಕಳುಹಿಸಿ, ಬಾಡಿಗೆ ತೆತ್ತು, ಊಟಕ್ಕೆ ಉಳಿಯುವುದು ವಾರಕ್ಕೆ 400 ರೂಪಾಯಿ ಎಂದನು. “ವಡಾಪಾವಿಗೆ ದುಡ್ಡು ಸುರಿಯಬೇಡ, ಗಂಜಿ ಬೇಯಿಸಿಕೊಂಡು ಉಣ್ಣು” ಎಂದು ನಾವು ಉಪದೇಶಿಸಿದೆವು. ಅವನು ತಲೆತಗ್ಗಿಸಿ ಹೊರಟುಹೋದನು. ಹೇಳಿದ್ದನ್ನು ನಾವೇ ಆಚರಿಸಿ ನೋಡಬೇಕೆಂದು ಆ ರಾತ್ರಿ ನಮಗೆ ತೋರಿತು. ಮನೆಯವರು ಊರಿಗೆ ಹೋಗಿದ್ದುದರಿಂದ ಅನುಕೂಲವೂ ಆಯಿತು.

ಸೋಮವಾರ ಚೀಲ ಹಿಡಿದು ಪೇಟೆಗೆ ಹೊರಟೆವು. ಕುಚ್ಚಲಕ್ಕಿ ಎರಡೂವರೆ ಕಿಲೋ 125 ರೂಪಾಯಿ. ಹೆಸರುಕಾಳು ಅರ್ಧ ಕಿಲೋ 60. ಹುರುಳಿ ಅರ್ಧ ಕಿಲೋ 45. ನೀರುಳ್ಳಿ ಒಂದು ಕಿಲೋ 30. ತೆಂಗಿನಕಾಯಿ ಒಂದಕ್ಕೆ 45. ಎಣ್ಣೆಯ ಸಣ್ಣ ಪೊಟ್ಟಣ 35. ಉಪ್ಪು, ಹುಣಿಸೆ, ಮೆಣಸುಗಳಿಗೆ 40. ಉಳಿದ 20 ರೂಪಾಯಿ ಸೊಪ್ಪಿಗೆ. ಹಾಲು, ಸಕ್ಕರೆ, ಕಾಫಿಪುಡಿಗಳಿಗೆ ಎಡೆಯೇ ಇರಲಿಲ್ಲ. ಮೂಟೆಯ ಲೆಕ್ಕದಲ್ಲಿ ಸಾಮಾನು ತರಿಸುತ್ತಿದ್ದ ನಮಗೆ, ಚಿಲ್ಲರೆಯಾಗಿ ಕೊಳ್ಳುವ ಬಡವನೇ ಹೆಚ್ಚು ಬೆಲೆ ತೆರುತ್ತಾನೆಂಬುದು ಅಂದು ಮನದಟ್ಟಾಯಿತು.

ಹಳೆಯ ವಿದ್ಯೆ ಕೈಬಿಡಲಿಲ್ಲ. ಹುರುಳಿ ಬೇಯಿಸಿ ಬಸಿದ ಕಟ್ಟು ಸಾರಾಯಿತು, ಕಾಳು ಪಲ್ಯವಾಯಿತು. ಹೆಸರುಕಾಳು ಮೊಳಕೆಯೊಡೆದು ಬೆಳಗಿನ ಉಪಾಹಾರವಾಯಿತು. ರಾತ್ರಿ ಗಂಜಿ, ಚಟ್ನಿ. ಅಂಗಡಿ ಮುಚ್ಚುವ ಹೊತ್ತಿಗೆ ಹೋದರೆ ಹರಿವೆಸೊಪ್ಪು ಅಗ್ಗವಾಗಿ ಸಿಕ್ಕಿತು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ಅಕ್ಕಿಯ ಸಸಾರಜನಕದಲ್ಲಿರುವ ಕೊರತೆಯನ್ನು ಕಾಳು ತುಂಬಿಕೊಡುತ್ತದೆ. ನಮ್ಮ ಹಿರಿಯರ ಗಂಜಿಯೂಟ ದರಿದ್ರದ ಊಟವಾಗಿರಲಿಲ್ಲ.

ಆದರೆ ಗುರುವಾರ ಹಳೆಯ ಮಿತ್ರರೊಬ್ಬರು ಮನೆಗೆ ಬಂದರು. ಇಪ್ಪತ್ತು ವರ್ಷ ಪರರಿಗೆ ಕಾಫಿ ಕೊಟ್ಟು ಬಾಳಿದ ನಾವು ಅವರ ಮುಂದೆ ನೀರಿನ ಲೋಟವಿಟ್ಟು ಕುಳಿತೆವು. ಆ ವಾರದಲ್ಲಿ ಹೊಟ್ಟೆ ಹಸಿದುದಕ್ಕಿಂತ ಈ ನಾಚಿಕೆಯೇ ನಮ್ಮನ್ನು ಹೆಚ್ಚು ಬಾಧಿಸಿತು.

ಭಾನುವಾರ ಆ ತರುಣನನ್ನು ಕರೆಸಿ, ಸಾಧ್ಯವೆಂದು ಲೆಕ್ಕ ತೋರಿಸಿದೆವು. ಅವನು ಮೆಲ್ಲನೆ ಹೇಳಿದನು: “ಧಣಿ, ಕೋಣೆಯಲ್ಲಿ ಎಂಟು ಜನ ಇದ್ದೇವೆ. ಒಲೆ ಹಚ್ಚಲು ಮಾಲಕರು ಬಿಡುವುದಿಲ್ಲ.” ನಮ್ಮ ಪಟ್ಟಿಯಲ್ಲಿ ಗ್ಯಾಸಿನ ಬೆಲೆ ಇರಲಿಲ್ಲ, ಪಾತ್ರೆಯಾಗಲಿ, ಕುಚ್ಚಲಕ್ಕಿ ಬೇಯಲು ಬೇಕಾದ ಹೊತ್ತಾಗಲಿ ಇರಲಿಲ್ಲ. ಅವೆಲ್ಲ ನಮಗೆ ಮೊದಲೇ ಇದ್ದುವು. ಉಪದೇಶಿಸಿದ್ದು ತಪ್ಪಾಯಿತೆಂದು ಅವನೊಡನೆ ಒಪ್ಪಿಕೊಂಡೆವು.

ಊರಿನ ಪಡಿತರ ಚೀಟಿಯಲ್ಲಿ ಹೆಸರಿರುವ ಹುಡುಗರಿಗೆ ಒಂದು ಮಾತು. 2013ರ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯದ ಹಕ್ಕುಂಟು. 2023ರ ಜನವರಿಯಿಂದ ಅದು ಉಚಿತ. ಮನೆಯವರು ಊರಿನಲ್ಲಿ ತಮ್ಮ ಪಾಲು ಪಡೆಯುತ್ತಿದ್ದರೂ ನಿಮ್ಮ ಪಾಲನ್ನು ಮುಂಬಯಿಯ ನ್ಯಾಯಬೆಲೆ ಅಂಗಡಿಯಲ್ಲಿ ಪಡೆಯಬಹುದು.

ಇನ್ನು ನಮ್ಮ ಹೋಟೆಲು ಬಂಧುಗಳಲ್ಲಿ ಒಂದು ವಿನಂತಿ. ಮಧ್ಯಾಹ್ನದ ಊಟ ಮುಗಿದ ಮೇಲೆ ನಿಮ್ಮ ಒಲೆಗಳಲ್ಲಿ ಒಂದಾದರೂ ಒಂದು ಗಂಟೆ ತಣ್ಣಗಿರುತ್ತದೆ. ಅದನ್ನು ಇಂಥ ನಾಲ್ಕು ಹುಡುಗರಿಗೆ ಬಿಟ್ಟುಕೊಡಿ. ನಮ್ಮ ಹೋಟೆಲು ಇಂದು ಇಲ್ಲ, ಮನೆಯ ಒಲೆಯಿದೆ. ಈಗ ಭಾನುವಾರಗಳಂದು ಆ ಎಂಟು ಮಂದಿ ಅಲ್ಲಿಯೇ ಬೇಯಿಸಿ ಉಣ್ಣುತ್ತಾರೆ. ಹುರುಳಿಸಾರು ನಮಗಿಂತ ಅವರೇ ಚೆನ್ನಾಗಿ ಮಾಡುತ್ತಾರೆ.