ನಂಬರ್ ಥರ್ಟಿಫೈವ್

"ಬೇಬಿ, ನಿಂದು ಯಾವ ಸ್ಕೂಲು?" ಎಂದು ಆ ಟೀಚರಮ್ಮ ಕೇಳಿದಾಗ ನನಗೆ ಐವತ್ತೆಂಟು ತುಂಬಿತ್ತು. ಅವರಿಗೆ ಎಪ್ಪತ್ತೇಳು. ನ್ಯೂ ಆರ್ಲಿಯನ್ಸ್‌ನ ದೊಡ್ಡ ಹೆಂಗಸರ ಬಾಯಲ್ಲಿ ಎಲ್ಲರೂ ಬೇಬಿಗಳೇ, ಅದು ಇರಲಿ. ಸ್ಕೂಲಿನ ಪ್ರಶ್ನೆ ಮಾತ್ರ ತಟ್ಟನೆ ಅರ್ಥವಾಗಲಿಲ್ಲ. ಹೊಸಬರು ಸಿಕ್ಕರೆ ನಾವು ಊರು ಯಾವುದೆಂದು ಕೇಳಿ, ಮೆಲ್ಲಗೆ ಜಾತಿಯ ಕಡೆ ಹೊರಳುತ್ತೇವಲ್ಲ, ಹಾಗೆ ಆ ಊರಿನವರು ಓದಿದ ಹೈಸ್ಕೂಲು ಯಾವುದೆಂದು ಕೇಳುತ್ತಾರೆ. ಉತ್ತರದಲ್ಲೇ ಬಡಾವಣೆ, ಮೈಬಣ್ಣ, ಹೋಗುವ ಚರ್ಚು, ಮನೆಯವರ ಸ್ಥಿತಿಗತಿ ಎಲ್ಲ ಹೊರಬೀಳುತ್ತದೆ. ನಾನು ತಿಪಟೂರಿನ ಸರ್ಕಾರಿ ಹೈಸ್ಕೂಲು ಅಂದೆ. ಅವರು ತಲೆಯಾಡಿಸಿ, ತಮ್ಮದು "ಥರ್ಟಿಫೈವ್" ಎಂದರು. ಬರೀ ನಂಬರು. ಅದನ್ನು ಹೇಳುವಾಗ ಕುರ್ಚಿಯಲ್ಲಿ ಅವರ ಬೆನ್ನು ನೆಟ್ಟಗಾಯಿತು.

2025ರ ಏಪ್ರಿಲ್‌ನಲ್ಲಿ ಅಕ್ಕನ ಮಗಳ ಮನೆಗೆ ಹೋಗಿದ್ದೆ. ಜೆಂಟಿಲಿ ಎಂಬ ಬಡಾವಣೆ. ಟೀಚರಮ್ಮನದು ಪಕ್ಕದ ಮನೆ. ಜೆಟ್‌ಲ್ಯಾಗಿನ ದೆಸೆಯಿಂದ ಐದಕ್ಕೇ ಎಚ್ಚರ. ಕಾಫಿ ಹಿಡಿದು ಜಗಲಿಯಲ್ಲಿ ಕೂತರೆ ಇನ್ನೂ ಕತ್ತಲು. ಆರರ ಹೊತ್ತಿಗೆ ಎಲಿಸಿಯನ್ ಫೀಲ್ಡ್ಸ್ ರಸ್ತೆಯ ಕಡೆಯಿಂದ ಒಂದು ಹಳದಿ ಬಸ್ಸು ಬಂತು, ಎದುರು ಮನೆಯ ಹುಡುಗ ಹತ್ತಿದ. ಐದು ನಿಮಿಷಕ್ಕೆ ಇನ್ನೊಂದು ಬಸ್ಸು, ಅದಕ್ಕೆ ಮೂಲೆಮನೆಯ ಅಕ್ಕತಂಗಿಯರು. ಆಮೇಲೆ ಮೂರನೆಯದು. ಅಕ್ಕನ ಮಗಳ ಮಗ ಹತ್ತಿದ್ದು ನಾಲ್ಕನೆಯದನ್ನು, ನಿದ್ದೆಗಣ್ಣಲ್ಲಿ, ಒಂದು ಶೂ ಲೇಸು ಬಿಚ್ಚಿಕೊಂಡೇ. ನಾಲ್ಕು ಬಸ್ಸಿನ ಮೈಮೇಲೂ ಬೇರೆ ಬೇರೆ ಶಾಲೆಯ ಹೆಸರು. ಒಂದೇ ಬೀದಿಯ ಮಕ್ಕಳು, ಸಂಜೆ ಒಂದೇ ಹುಲ್ಲಿನ ಮೇಲೆ ಚೆಂಡಾಡುವವರು, ಬೆಳಿಗ್ಗೆ ನಾಲ್ಕು ದಿಕ್ಕಿಗೆ. ನಡೆದು ಹೋಗುವಷ್ಟು ದೂರದಲ್ಲೇ ಒಂದು ಶಾಲೆಯಿದೆ. ಅಲ್ಲಿಗೆ ಮಕ್ಕಳು ಬರುವುದು ಊರಿನ ಆ ತುದಿಯಿಂದ, ಅವರೂ ಬಸ್ಸಿನಲ್ಲಿ.

ಅಮೆರಿಕದ ಚಾರ್ಟರ್ ಶಾಲೆ ನಮ್ಮ ಅನುದಾನಿತ ಶಾಲೆಯ ದೂರದ ನೆಂಟ ಅಂದುಕೊಂಡರೆ ಸಾಕು. ದುಡ್ಡು ಸರ್ಕಾರದ್ದು, ಆಡಳಿತ ಖಾಸಗಿ ಮಂಡಳಿಯದು, ಮಕ್ಕಳಿಗೆ ಫೀಸಿಲ್ಲ. ಆದರೆ ಚಾರ್ಟರ್ ಎಂದರೆ ಕರಾರು. ಗಡುವು ಮುಗಿದಾಗ ಅಂಕ ನೋಡುತ್ತಾರೆ. ಚೆನ್ನಾಗಿದ್ದರೆ ನವೀಕರಣ, ಇಲ್ಲದಿದ್ದರೆ ಬೀಗ. 1988ರಲ್ಲಿ ಈ ವಿಚಾರವನ್ನು ಎತ್ತಿ ಆಡಿಸಿದವರು ಶಿಕ್ಷಕರ ಸಂಘದ ನಾಯಕ ಆಲ್ಬರ್ಟ್ ಶಾಂಕರ್. 1991ರಲ್ಲಿ ಮಿನ್ನೆಸೋಟ ಮೊದಲ ಕಾಯ್ದೆ ತಂದಿತು. ಇವತ್ತು ಚಾರ್ಟರ್ ಶಾಲೆಗಳನ್ನು ಕಂಡರೆ ಹೆಚ್ಚು ಉರಿದುಬೀಳುವವರು ಅದೇ ಶಿಕ್ಷಕರ ಸಂಘದವರು. ಬಾಸ್ಟನ್, ನ್ಯೂಯಾರ್ಕ್, ಚಿಕಾಗೊ, ಎಲ್ಲ ಕಡೆಯೂ ಈ ಜಗಳವಿದೆ. ಆದರೆ ಅಲ್ಲೆಲ್ಲ ಎರಡೂ ಬಗೆಯ ಶಾಲೆಗಳು ಅಕ್ಕಪಕ್ಕ ಇವೆ. ಒಂದು ಬಗೆಯನ್ನು ಪೂರ್ತಿ ಅಳಿಸಿ ನೋಡಿದ ದೊಡ್ಡ ಊರು ನ್ಯೂ ಆರ್ಲಿಯನ್ಸ್ ಒಂದೇ.

ಅಳಿಸಲು ಸುರುಮಾಡಿದ್ದು ನೀರು. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಬಂತು, ಒಡ್ಡುಗಳು ಒಡೆದವು, ಊರಿನ ಶೇ 80ರಷ್ಟು ಮುಳುಗಿತು. ನವೆಂಬರ್‌ನಲ್ಲಿ ಲೂಸಿಯಾನ ರಾಜ್ಯ ಸರ್ಕಾರ ಒಂದು ಕಾಯ್ದೆ ತಂದು, ನೂರಕ್ಕೂ ಹೆಚ್ಚು ಶಾಲೆಗಳನ್ನು ಜಿಲ್ಲಾ ಶಾಲಾ ಮಂಡಳಿಯ ಕೈಯಿಂದ ಕಿತ್ತು, ರಿಕವರಿ ಸ್ಕೂಲ್ ಡಿಸ್ಟ್ರಿಕ್ಟ್ ಎಂಬ ತನ್ನದೇ ವ್ಯವಸ್ಥೆಗೆ ಸೇರಿಸಿತು. ಅಲ್ಲಿಂದ ಒಂದೊಂದಾಗಿ ಚಾರ್ಟರ್ ಸಂಸ್ಥೆಗಳಿಗೆ. ಟೀಚರಮ್ಮನೂ ಸೇರಿ 7,000ಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಮೊದಲು ಸಂಬಳವಿಲ್ಲದ "ವಿಪತ್ತು ರಜೆ", ಆಮೇಲೆ ವಜಾ. ಎಷ್ಟೋ ಮಂದಿಯ ನೋಟಿಸು ಹೋದದ್ದು ಮುಳುಗಿದ ಮನೆಯ ವಿಳಾಸಕ್ಕೆ. "ನನ್ನ ಮನೆಗೆ ಬಾಗಿಲೇ ಇರಲಿಲ್ಲ, ಕಾಗದ ಎಲ್ಲಿ ಹಾಕಿದರೋ" ಎಂದು ಟೀಚರಮ್ಮ ನಕ್ಕರು. ಆಗ ಅವರು ಹ್ಯೂಸ್ಟನ್‌ನಲ್ಲಿ ತಂಗಿಯ ಮನೆಯಲ್ಲಿದ್ದರಂತೆ. ಮೂವತ್ತಮೂರು ವರ್ಷದ ನೌಕರಿ. ವಜಾ ಆದವರು ಕೇಸು ಹಾಕಿದರು, ಕೆಳಗಿನ ಕೋರ್ಟಿನಲ್ಲಿ ಗೆದ್ದರು. 2014ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು.

ಹಳೆಯ ಮಂಡಳಿಯೇನು ಸಾಚಾ ಆಗಿರಲಿಲ್ಲ, ಅದನ್ನೂ ಹೇಳಬೇಕು. ಕತ್ರೀನಾಕ್ಕೆ ಮುಂಚೆಯೇ ಎಫ್‌ಬಿಐನವರು ಮಂಡಳಿಯ ಕಚೇರಿಯಲ್ಲೇ ಟೇಬಲ್ ಹಾಕಿ ಕೂತು ಲಂಚದ ಲೆಕ್ಕ ಹುಡುಕುತ್ತಿದ್ದರು. 2003ರಲ್ಲಿ ಒಂದು ಹೈಸ್ಕೂಲಿನ ತರಗತಿಗೇ ಮೊದಲು ಬಂದ ಹುಡುಗಿ ರಾಜ್ಯದ ಗಣಿತ ಪರೀಕ್ಷೆಯನ್ನು ಮತ್ತೆ ಮತ್ತೆ ಬರೆದೂ ಪಾಸಾಗಲಿಲ್ಲ. "ಆ ದಿನಗಳನ್ನು ಸಮರ್ಥಿಸೋಕೆ ನನ್ನ ಬಾಯಲ್ಲಿ ಮಾತಿಲ್ಲ, ಬೇಬಿ" ಎಂದರು ಟೀಚರಮ್ಮ.

ಇಷ್ಟೆಲ್ಲ ಆದಮೇಲೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಮಾತ್ರ ಆ ನಂಬರು. ಹೆಸರಿರುವ ಊರಲ್ಲಿ ಶಾಲೆಗೆ ನಂಬರೇಕೆ?

ಜಾನ್ ಮೆಕ್‌ಡೊನಾ ಎಂಬೊಬ್ಬ ಜಿಪುಣ ಜಮೀನ್ದಾರನಿದ್ದ. ಹುಟ್ಟಿದ್ದು ಬಾಲ್ಟಿಮೋರ್‌ನಲ್ಲಿ, ಸಂಪಾದಿಸಿದ್ದು ನ್ಯೂ ಆರ್ಲಿಯನ್ಸ್‌ನಲ್ಲಿ, ಗುಲಾಮರ ದುಡಿಮೆಯಿಂದ. ಮದುವೆಯಾಗಲಿಲ್ಲ. 1850ರಲ್ಲಿ ಸತ್ತಾಗ ಉಯಿಲು ತೆರೆದು ನೋಡಿದರೆ ಆಸ್ತಿಯ ಬಹುಭಾಗವನ್ನು ಎರಡೂ ಊರಿನ ಬಡ ಮಕ್ಕಳ ವಿದ್ಯೆಗೆ ಬರೆದಿದ್ದ, ಎಲ್ಲ ಬಣ್ಣದ ಮಕ್ಕಳೆಂದು ನಮೂದಿಸಿ. ಕೇಳಿಕೊಂಡದ್ದು ಒಂದೇ: ವರ್ಷಕ್ಕೊಮ್ಮೆ ಮಕ್ಕಳು ತನ್ನ ಗೋರಿಯ ಸುತ್ತ ನಾಲ್ಕು ಹೂಗಿಡ ನೆಟ್ಟು ನೀರು ಹಾಕಲಿ ಎಂದು. ಆ ದುಡ್ಡಿನಲ್ಲಿ ಊರು ಶಾಲೆಯ ಮೇಲೆ ಶಾಲೆ ಕಟ್ಟಿತು. ಎಲ್ಲಕ್ಕೂ ಅವನದೇ ಹೆಸರು, ಗುರುತಿಗೆ ಬರೀ ಸಂಖ್ಯೆ. ಒಂದರಿಂದ ಶುರುವಾಗಿ ಮೂವತ್ತು ದಾಟಿತು. ಶಾಲೆಗಳಿಗೆ ಇಷ್ಟು ಸೋಮಾರಿತನದಿಂದ ಹೆಸರಿಟ್ಟ ಊರು ಇನ್ನೊಂದಿರಲಾರದು.

ಅದರ ಒಳಗಿನ ಕತೆ ಬೇರೆ. ಎಲ್ಲ ಬಣ್ಣದವರಿಗೆಂದು ಬರೆದ ದುಡ್ಡು ಬಿಳಿಯರ ಶಾಲೆಗಳಿಗೇ ಹೆಚ್ಚು ಹರಿಯಿತು. 1900ರಲ್ಲಿ ಮಂಡಳಿ ಕಪ್ಪು ಮಕ್ಕಳಿಗೆ ಐದನೇ ತರಗತಿ ಸಾಕೆಂದು ತೀರ್ಮಾನಿಸಿತು. ಕಪ್ಪು ಸಮುದಾಯದವರು ಬೇಡಿ, ಬಡಿದಾಡಿ, 1917ರಲ್ಲಿ ಮೂವತ್ತೈದನೆಯ ನಂಬರಿನ ಕಟ್ಟಡವನ್ನು ತಮ್ಮ ಮಕ್ಕಳ ಹೈಸ್ಕೂಲಾಗಿ ಪಡೆದರು. ಎರಡು ದಶಕಕ್ಕೂ ಹೆಚ್ಚು ಕಾಲ ಇಡೀ ಊರಲ್ಲಿ ಅವರಿಗಿದ್ದ ಸರ್ಕಾರಿ ಹೈಸ್ಕೂಲು ಅದೊಂದೇ. ಟೀಚರಮ್ಮನ ಬೆನ್ನು ನೆಟ್ಟಗಾದದ್ದು ಇದಕ್ಕೆ.

ಇನ್ನು ಅವನು ಕೇಳಿಕೊಂಡ ಹೂವು ಒಂದು ಹಬ್ಬವೇ ಆಯಿತು. ಪ್ರತಿ ಮೇ ತಿಂಗಳ ಮೊದಲ ಶುಕ್ರವಾರ ಮೆಕ್‌ಡೊನಾ ದಿನವಾಗಿತ್ತು. ಸಿಟಿ ಹಾಲಿನ ಎದುರು ಅವನ ಪ್ರತಿಮೆಗೆ ಮಕ್ಕಳು ಸಾಲಾಗಿ ಹೂವಿಡಬೇಕಿತ್ತು. ಮೊದಲು ಬಿಳಿ ಮಕ್ಕಳ ಸಾಲು ಮುಗಿಯಬೇಕಿತ್ತು. ಅಲ್ಲಿಯವರೆಗೆ ಕಪ್ಪು ಮಕ್ಕಳು ಬಿಸಿಲಲ್ಲಿ ಹೂ ಹಿಡಿದು ನಿಂತಿರಬೇಕಿತ್ತು. 1954ರ ಮೇ 7ರಂದು ಅವರು ಬಹಿಷ್ಕಾರ ಹಾಕಿದರು. 32,000 ಕಪ್ಪು ವಿದ್ಯಾರ್ಥಿಗಳಲ್ಲಿ ಅಂದು ಬಂದವರು 34. ಶಾಲೆಗಳಲ್ಲಿ ಬಣ್ಣಭೇದ ಸಲ್ಲದೆಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು ಅದಾಗಿ ಹತ್ತು ದಿನಕ್ಕೆ. ಟೀಚರಮ್ಮನಿಗೆ ಆಗ ಆರು ವರ್ಷ. ಇಸ್ತ್ರಿ ಮಾಡಿದ ಬಿಳಿ ಫ್ರಾಕು ಬಾಗಿಲ ಹಿಂದೆ ನೇತುಹಾಕಿತ್ತಂತೆ, ಅಮ್ಮ ಹಾಕಿಕೊಳ್ಳಲು ಬಿಡಲಿಲ್ಲವೆಂದು ಇಡೀ ದಿನ ಅತ್ತರಂತೆ.

ಅಲ್ಲಿಂದ ನಾನು ನಂಬರು ಹುಡುಕುತ್ತ ಊರೆಲ್ಲ ಅಲೆದೆ. ಅಕ್ಕನ ಮಗಳು "ಮಾಮಾ, ಫ್ರೆಂಚ್ ಕ್ವಾರ್ಟರ್ ನೋಡೋದು ಬಿಟ್ಟು ಇದೇನು?" ಎಂದು ಗೊಣಗಿಕೊಂಡೇ ಕಾರು ಓಡಿಸಿದಳು. ಸೇಂಟ್ ಕ್ಲಾಡ್ ರಸ್ತೆಯ ಮೆಕ್‌ಡೊನಾ 19ಕ್ಕೆ 1960ರ ನವೆಂಬರ್ 14ರಂದು ಲಿಯೋನಾ ಟೇಟ್, ಗೇಲ್ ಎಟಿಯೆನ್, ಟೆಸ್ಸಿ ಪ್ರೆವೊ ಎಂಬ ಆರು ವರ್ಷದ ಮೂವರು ಕಪ್ಪು ಹುಡುಗಿಯರು ಮಾರ್ಷಲ್‌ಗಳ ಕಾವಲಿನಲ್ಲಿ ಕಾಲಿಟ್ಟರು. ಬಿಳಿ ಮಕ್ಕಳೆಲ್ಲ ಖಾಲಿ. ಅದೇ ದಿನ ಇನ್ನೊಂದು ಶಾಲೆ ಹೊಕ್ಕ ರೂಬಿ ಬ್ರಿಜಸ್‌ಳನ್ನು ಜಗತ್ತು ನೆನೆಯುತ್ತದೆ, ಈ ಮೂವರು ಹಿಂದೆ ಬಿದ್ದರು. 19ರ ಕಟ್ಟಡ ಈಗ ಆ ಮೂವರ ಹೆಸರಿನ ಕೇಂದ್ರ. ಮೇಲಿನ ಮಹಡಿಗಳಲ್ಲಿ ವಯಸ್ಸಾದವರ ಮನೆಗಳು. ರೂಬಿಯ ಶಾಲೆಯ ಕಟ್ಟಡದಲ್ಲಿ ಈಗ ಒಂದು ಚಾರ್ಟರ್ ಶಾಲೆ. ಎಸ್‌ಪ್ಲನೇಡ್ ರಸ್ತೆಯ ಜಾನ್ ಮೆಕ್‌ಡೊನಾ ಹೈಸ್ಕೂಲಿನಲ್ಲೂ ಚಾರ್ಟರ್, ಅದೂ ಎರಡನೆಯದು. ಮೊದಲನೆಯದು ಟಿವಿ ರಿಯಾಲಿಟಿ ಶೋ ಒಂದರಲ್ಲಿ ಕಾಣಿಸಿಕೊಂಡು, ಮರುವರ್ಷ 2014ರಲ್ಲಿ ಬಾಗಿಲು ಹಾಕಿತು. ಮೆಕ್‌ಡೊನಾನ ಒಂದು ಪ್ರತಿಮೆಯನ್ನು 2020ರ ಜೂನ್‌ನಲ್ಲಿ ಪ್ರತಿಭಟನಕಾರರು ಕಿತ್ತು ಮಿಸಿಸಿಪಿ ನದಿಗೆ ಎಸೆದರು. ಹೂವಿನ ಬದಲು ನೀರು ಸಿಕ್ಕಿತು.

ಇಷ್ಟು ಸುತ್ತಾಡಿದ ಮೇಲೆ ಅಕ್ಕನ ಮಗಳು ನನ್ನನ್ನು ತರಾಟೆಗೆ ತೆಗೆದುಕೊಂಡಳು. "ನೀವು ಕಟ್ಟಡದ ಮೇಲಿನ ಹೆಸರು ನೋಡ್ತೀರಿ ಮಾಮಾ, ನಾನು ಒಳಗಿನ ಪಾಠ ನೋಡ್ಬೇಕು." ಅವಳ ಕಡೆ ಪುರಾವೆಯೂ ಇದೆ. ಟುಲೇನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಡಗ್ಲಸ್ ಹ್ಯಾರಿಸ್ ಮತ್ತು ತಂಡ ವರ್ಷಗಟ್ಟಲೆ ಲೆಕ್ಕ ಹಾಕಿ ಹೇಳಿದ್ದು, ಮಕ್ಕಳ ಅಂಕ, ಹೈಸ್ಕೂಲು ಮುಗಿಸುವವರು, ಕಾಲೇಜು ಸೇರುವವರು, ಎಲ್ಲವೂ ಗಣನೀಯವಾಗಿ ಏರಿವೆ ಎಂದು. 2004ರಲ್ಲಿ ಹೈಸ್ಕೂಲು ಮುಗಿಸುತ್ತಿದ್ದವರು ಶೇ 54ರಷ್ಟು. ಹತ್ತೇ ವರ್ಷದಲ್ಲಿ ಅದು 70 ದಾಟಿತು. ಇದನ್ನು ಯಾರೂ ಅಲ್ಲಗಳೆಯಲಾಗದು, ನನಗೂ ಅಲ್ಲಗಳೆಯುವ ಚಪಲವಿಲ್ಲ. ಶಾಲೆ ಆರಿಸುವ ಕ್ರಮವೂ ಜಾಣತನದ್ದೇ: 2012ರಿಂದ ಹೆಚ್ಚಿನ ಶಾಲೆಗಳಿಗೆ ಒಂದೇ ಅರ್ಜಿ. ನಮ್ಮ ಸಿಇಟಿಯ ಆಪ್ಷನ್ ಎಂಟ್ರಿಯಂತೆ ಇಷ್ಟದ ಕ್ರಮದಲ್ಲಿ ಶಾಲೆಗಳನ್ನು ಬರೆದರೆ ಕಂಪ್ಯೂಟರು ಹಂಚುತ್ತದೆ. ಸೀಟು ಸಿಕ್ಕಮೇಲೆ ಮನೆಯಿಂದ ಎಷ್ಟು ದೂರ ಎಂಬುದು ಬಸ್ಸಿನವರ ತಲೆನೋವು, ಮತ್ತು ನಿದ್ದೆಗಣ್ಣಿನ ಆ ಹುಡುಗನದು.

ಆದರೆ ಅದೇ ಟುಲೇನ್‌ನವರ ಬೇರೆ ಲೆಕ್ಕಗಳನ್ನೂ ಓದಬೇಕು. ಸುಧಾರಣೆಯ ನಂತರ ಆಡಳಿತದ ಖರ್ಚು ಶೇ 66ರಷ್ಟು ಏರಿತು, ಪಾಠದ ಮೇಲಿನ ಖರ್ಚು ಶೇ 10ರಷ್ಟು ಇಳಿಯಿತು. ಮಾತಾಡಿಸಿದ 30 ಶಾಲೆಗಳ ಮುಖ್ಯಸ್ಥರಲ್ಲಿ ಮೂರನೇ ಒಂದು ಭಾಗ ತಮಗೆ ಬೇಕಾದ ಮಕ್ಕಳನ್ನು ಹೇಗೋ ಆರಿಸಿಕೊಳ್ಳುತ್ತಿದ್ದುದನ್ನು ಒಪ್ಪಿಕೊಂಡರು. ಮಂಡಳಿಯ ಕಾಲದ ಗಣಿತ ಪರೀಕ್ಷೆಯ ಕತೆಗೆ ಸರಿಜೋಡಿಯೂ ಸಿಕ್ಕಿತು: 2019ರಲ್ಲಿ ಕೆನಡಿ ಹೈಸ್ಕೂಲಿನಲ್ಲಿ ಪದವಿಯ ಗೌನು ತೊಟ್ಟು ವೇದಿಕೆ ಹತ್ತಿ ಇಳಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅರ್ಹತೆಯೇ ಇರಲಿಲ್ಲವೆಂದು ಆಮೇಲೆ ಬಯಲಾಯಿತು. ನಡೆಸುತ್ತಿದ್ದದ್ದು ಚಾರ್ಟರ್ ಸಂಸ್ಥೆ. ಕಳ್ಳಲೆಕ್ಕ ಬರೆಯಲು ಮಂಡಳಿಯೇ ಬೇಕೆಂದಿಲ್ಲ.

ನನ್ನ ತಕರಾರು ಅಂಕದ್ದಲ್ಲ. ಕರಾರಿನ ಶಾಲೆ ಮುಚ್ಚಿದರೆ ಮಕ್ಕಳು ಎಲ್ಲಿಗೆ ಹೋಗಬೇಕು, ತಾಯಂದಿರು ಯಾರ ಬಾಗಿಲು ತಟ್ಟಬೇಕು? 2018ರಲ್ಲಿ ಶಾಲೆಗಳೆಲ್ಲ ಚುನಾಯಿತ ಮಂಡಳಿಯ ಸುಪರ್ದಿಗೆ ಮರಳಿದವು ನಿಜ, ಆದರೆ ನಡೆಸುವವರು ಚಾರ್ಟರ್‌ನವರೇ. 2019ರಲ್ಲಿ ಥರ್ಟಿಫೈವ್ ಕೂಡ ಚಾರ್ಟರ್ ಪಾಲಾದಾಗ ಮಂಡಳಿ ತಾನೇ ನಿಂತು ನಡೆಸುವ ಶಾಲೆ ಒಂದೂ ಉಳಿಯಲಿಲ್ಲ. ಅಂದು ಪತ್ರಿಕೆ ಓದಿ ಮಡಚಿ ಇಟ್ಟೆ ಎಂದಷ್ಟೇ ಟೀಚರಮ್ಮ ಹೇಳಿದರು.

2023ರ ಕೊನೆಗೆ ಒಂದು ಚಾರ್ಟರ್ ಶಾಲೆಯ ಕರಾರು ನವೀಕರಣವಾಗುವುದಿಲ್ಲ ಎಂದಾಯಿತು. ಮಕ್ಕಳ ಗತಿಯೇನೆಂದು ಗದ್ದಲವಾಯಿತು. ಕಡೆಗೆ ಮಂಡಳಿಯೇ ಹೆಗಲು ಕೊಡಬೇಕಾಯಿತು. 2024ರ ಆಗಸ್ಟ್‌ನಲ್ಲಿ ತೆರೆದ ಆ ಶಾಲೆಗೆ ಲೀಯಾ ಚೇಸ್ ಹೆಸರಿಟ್ಟರು. ನಾಗರಿಕ ಹಕ್ಕುಗಳ ಹೋರಾಟದ ದಿನಗಳಲ್ಲಿ ಕಪ್ಪು, ಬಿಳಿ ಎನ್ನದೆ ಹೋರಾಟಗಾರರನ್ನು ತನ್ನ ಹೋಟೆಲಿನ ಮಹಡಿಯಲ್ಲಿ ಕೂರಿಸಿ ಗಂಬೊ ಬಡಿಸಿದಾಕೆ. 2019ರಲ್ಲಿ ತೀರಿಕೊಂಡರು. ಶಾಲೆ ತೆರೆದು ಮೂರೇ ತಿಂಗಳಿಗೆ ಜಿಲ್ಲೆಯ ತೆರಿಗೆ ಆದಾಯದ ಅಂದಾಜು ತಪ್ಪಿತ್ತೆಂದು ರಾದ್ಧಾಂತವಾಗಿ ಸೂಪರಿಂಟೆಂಡೆಂಟ್ ರಾಜೀನಾಮೆ ಕೊಟ್ಟರು. ಮಂಡಳಿ ಇನ್ನೂ ಮಂಡಳಿಯೇ. ಆದರೂ ಬೈಯಲು ಒಂದು ವಿಳಾಸವಿದೆ, ಚುನಾವಣೆಯಲ್ಲಿ ಸೋಲಿಸಲು ಮುಖಗಳಿವೆ. ನನ್ನನ್ನು ಕೇಳಿದರೆ ಅಂಕ ತಂದ ಚಾರ್ಟರ್‌ಗಳು ಇರಲಿ, ಬಡಾವಣೆಗೊಂದಾದರೂ ಇಂಥ ಶಾಲೆ ಬೇಕು.

ಹೊರಡುವ ಹಿಂದಿನ ದಿನ ಟೀಚರಮ್ಮನನ್ನೂ ಕರೆದುಕೊಂಡು ಅದನ್ನು ನೋಡಲು ಹೋದೆವು. ಸೌತ್ ಕ್ಯಾರೊಲ್ಟನ್ ರಸ್ತೆಯಲ್ಲಿ ಹಳೆಯ ಕಟ್ಟಡ, ಶಾಲೆ ಬಿಡುವ ಹೊತ್ತು. ಒಳಗೆ ಬಿಡಲಿಲ್ಲ, ಬಿಡಬೇಕಾಗಿಯೂ ಇಲ್ಲ. ಫುಟ್‌ಪಾತಿನಲ್ಲೇ ನಿಂತೆವು. ಕೆಲವು ಮಕ್ಕಳು ಅಜ್ಜಿಯ ಕೈ ಹಿಡಿದು ನಡೆದೇ ಹೋದರು, ಟೀಚರಮ್ಮ ಅವರನ್ನು ಒಬ್ಬೊಬ್ಬರನ್ನಾಗಿ ಎಣಿಸಿದರು. ಈ ಶಾಲೆ ತೆರೆದದ್ದು ಐದನೇ ತರಗತಿಯವರೆಗೆ. ವರ್ಷವರ್ಷ ಒಂದೊಂದು ಸೇರಿಸುತ್ತ ಎಂಟನೆಯವರೆಗೆ ಒಯ್ಯುವ ಯೋಜನೆಯಿದೆ. ಅದರಾಚೆ ಹೈಸ್ಕೂಲಿಗೆ ಮತ್ತೆ ಅದೇ ಆಪ್ಷನ್ ಎಂಟ್ರಿ, ಅದೇ ಹಳದಿ ಬಸ್ಸು.